ಲಾಭ, ಎರಡು, ಮೂರು

ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು, ನಾಲ್ಕು, ಹೀಗೆ. ಒಂದು ಅಂದುಬಿಟ್ಟರೆ ಒಂದಕ್ಕೇ ನಿಂತುಹೋಗುತ್ತದೆ, ಲಾಭ ಅಂದರೆ ರಾಶಿ ಬೆಳೆಯುತ್ತದೆ ಎಂಬ ನಂಬಿಕೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ನಮ್ಮವ್ವ ಹಾಗೆ ಅಳೆದಳು, ನಾನೂ ಹಾಗೇ ಅಳೆದೆ. ಎಷ್ಟೋ ದಿನ ಲಾಭದ ಆಚೆ ಎರಡನೆಯ ಸೇರೇ ಇರುತ್ತಿರಲಿಲ್ಲ, ಆ ಮಾತು ಬೇರೆ.

ಮೊನ್ನೆ ಮೊಮ್ಮಗಳು ಊಟ ಮಾಡಿ ಪರೀಕ್ಷೆಗೆ ಓದುತ್ತಾ ಕೂತಿದ್ದಳು. ಆರ್ಥಿಕ ಬೆಳವಣಿಗೆ ಅಂತ ಪಾಠ. ತೂಕಡಿಕೆ ಬರದಿರಲಿ ಅಂತ ಗಟ್ಟಿಯಾಗಿ ಓದುತ್ತಾಳೆ. ಅಷ್ಟೇ ಜನ, ಅಷ್ಟೇ ಹೊತ್ತಿನಲ್ಲಿ, ಮೊದಲಿಗಿಂತ ಹೆಚ್ಚು ಮಾಲು ಮಾಡಿದರೆ ಅದೇ ಬೆಳವಣಿಗೆಯಂತೆ. ಅದರಿಂದ ಎಲ್ಲರ ಬದುಕೂ ಮೇಲೆ ಬರುತ್ತದಂತೆ.

"ಅಜ್ಜಿ, ನಿಂಗೇನಾದ್ರೂ ಅರ್ಥ ಆತಾ?" ಅಂದಳು.

ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಈ ಪಾಠ ಅರ್ಥವಾಗಿದೆ, ಅವಳು ಹುಟ್ಟುವುದಕ್ಕೂ ಮೊದಲೇ. ನ್ಯಾಮತಿಯಲ್ಲಿ ಒಂದು ಒರಳಿನ ಮುಂದೆ ಕಲಿತೆ. ಪುಸ್ತಕದಲ್ಲಿ ಬರೆದಿರುವುದೆಲ್ಲ ಸರಿ, "ಎಲ್ಲರ" ಅನ್ನುವ ಒಂದು ಮಾತನ್ನು ಬಿಟ್ಟು. ಅವಳಿಗೆ ಅದನ್ನು ಹೇಳಲಿಲ್ಲ. ಪರೀಕ್ಷೆಯಲ್ಲಿ ಬರೆದುಗಿರೆದಾಳು.

ನಾನು ಹುಟ್ಟಿದ್ದು ಜಗಳೂರು ತಾಲೂಕಿನ ಬಿಳಿಚೋಡು ಕಡೆ. ಜೋಳ, ರಾಗಿ, ಕುರಿ. ಅನ್ನ ಅನ್ನುವುದು ಹಬ್ಬಕ್ಕೆ, ಅದೂ ಎಲ್ಲ ಹಬ್ಬಕ್ಕಲ್ಲ. ಮದುವೆ ಮಾಡಿ ನ್ಯಾಮತಿಗೆ ಕಳಿಸಿದಾಗ ನಮ್ಮವ್ವ ಹೇಳಿದ್ದು ಒಂದೇ ಮಾತು: "ಅನ್ನದ ಸೀಮೆಗೆ ಹೋಗ್ತಿದೀಯ, ಇನ್ನೇನು ಬೇಕು ನಿಂಗೆ." ಇಲ್ಲಿ ಬಂದು ನೋಡಿದರೆ ಅನ್ನ ಇತ್ತು, ಬೇರೆಯವರ ಮನೆಯಲ್ಲಿ. ನನ್ನ ಗಂಡ ಬೇರೆಯವರ ಎತ್ತು ಕಟ್ಟಿ ಬೇರೆಯವರ ಗಾಡಿ ಹೊಡೆಯುತ್ತಿದ್ದ. ನಾನು ಬೇರೆಯವರ ಭತ್ತ ಕುಟ್ಟಿದೆ.

ಜೊತೆಗೆ ಕುಟ್ಟುತ್ತಿದ್ದವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ನಾನು ಆ ಮನೆಗೆ ಹೋಗುವ ಹೊತ್ತಿಗೆ ಅವಳ ಗಂಡ ಸತ್ತು ವರ್ಷವಾಗಿತ್ತು. ಒಬ್ಬಳು ಮಗಳು. ಒಂದೇ ಅಂಗಳಕ್ಕೆ ಎರಡು ಕೋಣೆ, ಒಂದರಲ್ಲಿ ಅವರು, ಒಂದರಲ್ಲಿ ನಾವು, ನಡುವೆ ನೆಲಕ್ಕೆ ಹೂತ ಒರಳು. ಊರಿನ ಏಳೆಂಟು ಮನೆಗಳ ಭತ್ತ ನಮ್ಮ ಅಂಗಳಕ್ಕೆ ಬರುತ್ತಿತ್ತು.

ಒರಳು ಒಂದು, ಒನಕೆ ಎರಡು. ಎದುರುಬದುರು ನಿಲ್ಲಬೇಕು. ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಬೀಳಬೇಕು. ತಪ್ಪಿದರೆ ಕಟ್ಟಿಗೆಗೆ ಕಟ್ಟಿಗೆ ಬಡಿದು ಮೊಣಕೈ ತನಕ ಝುಂ ಅನ್ನುತ್ತದೆ. ಒಬ್ಬಳೇ ಕುಟ್ಟಬಹುದು, ಕುಟ್ಟಬಾರದು ಅಂತೇನಿಲ್ಲ. ಆದರೆ ಇಬ್ಬರು ಮಾಡುವುದರ ಅರ್ಧ ಆಗುವುದಿಲ್ಲ, ಕಾಲು ಭಾಗ ಆದರೆ ಹೆಚ್ಚು. ಎದುರಿನ ಒನಕೆ ಬೀಳುವ ಸದ್ದೇ ನಮ್ಮ ಒನಕೆಯನ್ನು ಎತ್ತುತ್ತದೆ. ಸದ್ದಿಲ್ಲದಿದ್ದರೆ ಒಂದೊಂದು ಏಟಿಗೂ ಒನಕೆ ಭಾರವಾಗುತ್ತಾ ಹೋಗುತ್ತದೆ.

ಕೂಲಿಯ ಕಟ್ಟು ಹೀಗಿತ್ತು: ಗಟ್ಟಿ ಅಕ್ಕಿ ಅವರಿಗೆ, ನುಚ್ಚು ನಮಗೆ. ಅಂದರೆ ಕುಟ್ಟುವಾಗ ಮುರಿದು ಚೂರಾದದ್ದು ಕೂಲಿ. ಈ ಕಟ್ಟು ಮಾಡಿದವರಿಗೆ ತಲೆ ಇರಲಿಲ್ಲ. ಚೆನ್ನಾಗಿ ಕುಟ್ಟಿದವಳಿಗೆ ನುಚ್ಚು ಕಡಿಮೆ, ಕೆಟ್ಟದಾಗಿ ಕುಟ್ಟಿದವಳಿಗೆ ಹೆಚ್ಚು. ನಮ್ಮಕ್ಕನಷ್ಟು ಚೆನ್ನಾಗಿ ಕುಟ್ಟುವವಳು ಆ ಊರಿನಲ್ಲಿ ಇರಲಿಲ್ಲ. ಅವಳು ಕುಟ್ಟಿದ ಅಕ್ಕಿ ತುದಿ ಮುಕ್ಕಾಗದೆ ಬರುತ್ತಿತ್ತು. ಅದಕ್ಕೇ ಜನ ನಮ್ಮಲ್ಲಿಗೆ ಕಳಿಸುತ್ತಿದ್ದರು, ಅದಕ್ಕೇ ನಮ್ಮ ಒಲೆಯ ಮೇಲಿನ ಗಂಜಿ ತೆಳ್ಳಗಿರುತ್ತಿತ್ತು.

"ಅಕ್ಕ, ಇನ್ನೊಂದೀಟು ಜೋರಾಗಿ ಹಾಕು. ನುಚ್ಚು ಬೀಳ್ಲಿ," ಅನ್ನುತ್ತಿದ್ದೆ ನಾನು.

"ನಿನ್ನ ಒನಕೆ ನೀನು ನೋಡ್ಕ್ಯ. ಕೆಲ್ಸ ಕೆಡ್ಸಿ ಉಣ್ಣೋ ಬುದ್ಧಿ ನಿಮ್ಮ ಜಗಳೂರು ಕಡೇದು."

"ನಮ್ಮ ಕಡೆ ಕೆಡ್ಸಾಕೆ ಅಕ್ಕಿ ಎಲ್ಲೈತೆ?"

"ಅದಕ್ಕೇ ಮತ್ತೆ. ಅಕ್ಕಿ ಕಾಣದೋರ ಕೈಗೆ ಒನಕೆ ಕೊಟ್ರೆ ಹಿಂಗೇ ಆಗೋದು."

ನಗುತ್ತಿದ್ದಳು. ನಾನು ಒಂದೆರಡು ಏಟು ಬೇಕೆಂದೇ ವಾರೆ ಹಾಕುತ್ತಿದ್ದೆ. ಅವಳಿಗೆ ಕೈಯಲ್ಲೇ ಗೊತ್ತಾಗುತ್ತಿತ್ತು.

ಅವಳ ಮಗಳು ಇದನ್ನೆಲ್ಲ ನೋಡುತ್ತಾ ಅಂಗಳದಲ್ಲೇ ಬೆಳೆಯಿತು. ಶಾಲೆಗೆ ಸೇರಿಸಿದ ಮೇಲೆ ಒಂದು ದಿನ ಮೇಷ್ಟ್ರು ದಾರಿಯಲ್ಲಿ ನಮ್ಮಿಬ್ಬರನ್ನು ನಿಲ್ಲಿಸಿದರು. "ಏನಮ್ಮಾ, ನಿನ್ನ ಮಗಳಿಗೆ ಒಂದು ಅನ್ನಾಕೇ ಬರಲ್ಲ. ಕಡ್ಡಿ ಎಣಿಸು ಅಂದ್ರೆ ಲಾಭ, ಎರಡು, ಮೂರು ಅಂತಾಳೆ. ಹೊಡೆದ್ರೂ ಲಾಭ, ಹೊಡೀದಿದ್ರೂ ಲಾಭ." ಕ್ಲಾಸಿನ ಮಕ್ಕಳು ಅವಳನ್ನು ಲಾಭವ್ವ ಅಂತ ಕರೆಯಲು ಶುರು ಮಾಡಿದ್ದವು.

ಅಕ್ಕ ನಾಚಿಕೊಳ್ಳಲಿಲ್ಲ. "ಸಾಲ್ಯಾಗೆ ನೀವು ಒಂದು ಅಂತ್ಲೇ ಕಲಿಸ್ರಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ನಮ್ಮ ಮನ್ಯಾಗೆ ಒಂದು ಅಂದ್ರೆ ಅಲ್ಲಿಗೆ ಮುಗೀತು ಅಂತ."

ಆ ಹುಡುಗಿ ಕ್ಲಾಸಿಗೇ ಮೊದಲ ನಂಬರು ಬರುತ್ತಿತ್ತು. ಅವಳನ್ನು ಹತ್ತನೇ ಕ್ಲಾಸಿನ ತನಕ ಓದಿಸುವುದು, ಟೀಚರು ಮಾಡುವುದು ಅಂತ ಅಕ್ಕ ತೀರ್ಮಾನ ಮಾಡಿಬಿಟ್ಟಿದ್ದಳು. ನಮ್ಮಿಬ್ಬರ ಒನಕೆಯಲ್ಲಿ ಅವಳದು ಏಳುತ್ತಿದ್ದುದೇ ಅದಕ್ಕಾಗಿ. ನನಗೆ ಗಂಡನಿದ್ದ, ಅವನ ದುಡಿಮೆ ಅಂತ ಅಷ್ಟಿಷ್ಟಿತ್ತು. ಅವಳಿಗಿದ್ದದ್ದು ಒರಳು ಒಂದೇ.

ಆಮೇಲೆ ಮಿಲ್ಲು ಬಂತು. ಹೊನ್ನಾಳಿಯಲ್ಲಿ ಮೊದಲೇ ಇತ್ತು, ದೊಡ್ಡ ಬೇಸಾಯಗಾರರು ಗಾಡಿ ಕಟ್ಟಿಸಿ ಅಲ್ಲಿಗೆ ಒಯ್ಯುತ್ತಿದ್ದರು. ಈಗ ನಮ್ಮೂರಲ್ಲೇ, ಬಸ್ ನಿಲ್ಲುವ ಜಾಗದ ಹತ್ತಿರ, ತಗಡಿನ ಶೆಡ್ಡು ಹಾಕಿ ಕರೆಂಟು ಎಳೆದು ಒಂದು ಹಲ್ಲರ್ ಮಿಷನ್ನು ಕೂಡಿಸಿದರು. ಶುರುವಾದ ದಿನ ನಾವಿಬ್ಬರೂ ನೋಡಲು ಹೋದೆವು. ಸದ್ದಿಗೆ ಹಲ್ಲು ಅದುರಿದವು. ಮೇಲೆ ಭತ್ತ ಸುರಿದರು, ಕೆಳಗೆ ಅಕ್ಕಿ ಬಿತ್ತು. ನಮಗೆ ಬೆಳಗಿನಿಂದ ಮಧ್ಯಾಹ್ನದ ತನಕ ಹಿಡಿಯುವ ಭತ್ತ, ಒಬ್ಬ ಬೀಡಿ ಸೇದಿ ಮುಗಿಸುವುದರೊಳಗೆ ಮುಗಿಯಿತು.

ಅಕ್ಕ ಬೊಗಸೆಯಲ್ಲಿ ಅಕ್ಕಿ ಹಿಡಿದಳು. ಬಿಸಿಯಾಗಿತ್ತು. ಬೆರಳಲ್ಲಿ ಹರಡಿ ನೋಡಿದಳು. ಅರ್ಧಕ್ಕರ್ಧ ಮುರಿದಿತ್ತು.

"ಇದನ್ನ ಯಾರು ಉಣ್ತಾರೆ?" ಅಂದಳು, ಜನರೆದುರಿಗೇ. "ಯಾರೋ ಮೊದ್ಲೇ ಅಗಿದು ಉಗುಳ್ದಂಗೈತೆ. ಇಂಥ ಜಾಗಕ್ಕೆ ನಾನು ಕಾಲಿಡಾಕಿಲ್ಲ ಬಿಡ್ರಪ್ಪ. ತಿಂಗ್ಳು ಕಳೀಲಿ, ಎಲ್ಲಾ ನಮ್ಮ ಅಂಗಳಕ್ಕೇ ಬರ್ತಾವೆ."

ಅಕ್ಕ ತಪ್ಪಿದ್ದು ಅಲ್ಲೇ. ಅಕ್ಕಿ ಚೆನ್ನಾಗಿದ್ದರೆ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ ಅಂದುಕೊಂಡಳು. ಮಿಲ್ಲಿನ ಅಕ್ಕಿ ಸಪ್ಪೆ ಅಂತ ಎಲ್ಲರೂ ಅಂದರು, ಎಲ್ಲರೂ ಮಿಲ್ಲಿಗೇ ಹೋದರು. ನಾಳೆ ಬಾ ನಾಡಿದ್ದು ಬಾ ಅನ್ನುವವರಿಲ್ಲ, ಯಾರಿಗೋ ಮೈ ಹುಷಾರಿಲ್ಲ ಅಂತ ಕಾಯಬೇಕಿಲ್ಲ, ಬೆಳಿಗ್ಗೆ ಹೋದರೆ ಬೆಳಿಗ್ಗೆಯೇ ಅಕ್ಕಿ. ಮೊದಲು ಕಾಲುವೆ ಬದಿಯ ದೊಡ್ಡ ಮನೆಗಳು ನಮಗೆ ಭತ್ತ ಕಳಿಸುವುದನ್ನು ನಿಲ್ಲಿಸಿದವು. ಆಮೇಲೆ ಸಣ್ಣವು. ಒಂದು ಸುಗ್ಗಿ ಕಳೆಯುವುದರೊಳಗೆ ಎಂಟು ಮನೆ ಎರಡಾದವು.

ನಾನು ಮಿಲ್ಲನ್ನು ಬೈಯಲಾರೆ. ಹಳೆಯ ಕಾಲ ಚೆನ್ನಾಗಿತ್ತು ಅನ್ನುವವರು ಒಂದು ವಾರ ಒನಕೆ ಹಿಡಿಯಲಿ, ಆಮೇಲೆ ಮಾತಾಡೋಣ. ಇಪ್ಪತ್ತೈದಕ್ಕೇ ನನ್ನ ಬಲಭುಜ ಕೆಳಗಿಳಿದಿತ್ತು. ಬಸುರಿಯಾಗಿ ಕುಟ್ಟಿ ಒಂದು ಕೂಸನ್ನು ಕಳೆದುಕೊಂಡೆ. ಮಿಲ್ಲು ಬಂದ ಮೇಲೆ ಊರಿನ ಹೆಂಗಸರ ಬೆನ್ನು ನೆಟ್ಟಗಾಯಿತು, ಇದು ಸುಳ್ಳಲ್ಲ. ಅಂಗಡಿಯಲ್ಲಿ ಅಕ್ಕಿ ಸಿಗತೊಡಗಿತು. ಬರೀ ಮುದ್ದೆ ಉಣ್ಣುತ್ತಿದ್ದ ಮನೆಗಳಲ್ಲಿ ಒಂದು ಹೊತ್ತು ಅನ್ನವಾಯಿತು. ನಮ್ಮವ್ವನಿಗೆ ಬಿಳಿಚೋಡಿಗೆ ನಾನು ವರ್ಷಕ್ಕೊಮ್ಮೆ ನುಚ್ಚು ಒಯ್ಯುತ್ತಿದ್ದೆ. ಅವಳು ಅದನ್ನು ಗಡಿಗೆಯಲ್ಲಿ ಬಚ್ಚಿಟ್ಟು ಹಬ್ಬ ಕಾಯುತ್ತಿದ್ದಳು. ಒಂದು ಸಲ ಹಬ್ಬಕ್ಕೆ ಮೊದಲೇ ಹುಳ ಬಿದ್ದಿತ್ತು. ಅವಳು ಸತ್ತು ನಾಲ್ಕೈದು ವರ್ಷಕ್ಕೆ ಆ ಊರಿನ ಅಂಗಡಿಯಲ್ಲೂ ಅಕ್ಕಿ ಮೂಟೆ ಬಾಯಿ ಬಿಚ್ಚಿ ನಿಂತಿತು. ಬೆಳವಣಿಗೆ ಯಾಕೆ ಬೇಕು ಅಂತ ನನ್ನನ್ನು ಕೇಳಬೇಡಿ. ಹುಳ ಬಿದ್ದ ಆ ಗಡಿಗೆ ನಾನು ನೋಡಿದ್ದೇನೆ.

ಊರಿನ ಒಂದೊಂದು ಮನೆಗೂ ಒಂದೊಂದು ಹಿಡಿ ಲಾಭವಾಯಿತು. ನಮ್ಮ ಅಂಗಳಕ್ಕೆ ಮಾತ್ರ ಇದ್ದದ್ದೂ ಹೋಯಿತು.

ಕುಟ್ಟುವ ಕೆಲಸ ಅಂತ ಉಳಿದದ್ದು ಮದುವೆ ಮನೆಯದು. ಮದುವೆಗೆ ಮೊದಲು ಒನಕೆಗೆ ಅರಿಸಿನ ಹಚ್ಚಿ, ದಾರ ಕಟ್ಟಿ ಐವರು ಮುತ್ತೈದೆಯರು ಅಕ್ಕಿ ಕುಟ್ಟುವ ಶಾಸ್ತ್ರ ಇದೆಯಲ್ಲ, ಅದು. ಅದಕ್ಕೆ ನನ್ನನ್ನು ಕರೆಯುತ್ತಿದ್ದರು, ಕುಪ್ಪಸದ ಬಟ್ಟೆ, ಒಂದಿಷ್ಟು ಅಕ್ಕಿ ಕೊಡುತ್ತಿದ್ದರು. ಅಕ್ಕ ಗಂಡ ಸತ್ತವಳು. ಊರಿಗೆಲ್ಲ ಒನಕೆ ಹಿಡಿಯಲು ಬಲ್ಲವಳು ಅವಳೊಬ್ಬಳೇ, ಆದರೆ ಹೊಸ್ತಿಲ ಒಳಗೆ ಬಿಡುತ್ತಿರಲಿಲ್ಲ. ಹತ್ತು ಏಟೂ ನೆಟ್ಟಗೆ ಹಾಕಲು ಬಾರದ ಹೆಂಗಸರು ನಕ್ಕೊಂಡು ಕುಟ್ಟಿ ಎದ್ದು ಹೋಗುತ್ತಿದ್ದರು.

ಹುಡುಗಿ ಆಗ ಆರನೆಯದೋ ಏಳನೆಯದೋ. ಅಕ್ಕನ ತವರು ಹೊನ್ನಾಳಿ. ಅಲ್ಲಿರುವ ಅಣ್ಣ ಮಗಳನ್ನು ಮನೆಯಲ್ಲಿಟ್ಟುಕೊಂಡು ಓದಿಸುತ್ತಾನೇನೋ ಕೇಳಿ ಬರುತ್ತೇನೆ ಅಂತ ಒಂದು ಬೆಳಿಗ್ಗೆ ಬಸ್ಸು ಹತ್ತಿದಳು. ಅವಳು ಹೋದ ಸ್ವಲ್ಪ ಹೊತ್ತಿಗೆ ಮಿಲ್ಲಿನ ಸಾಹುಕಾರರು ನಮ್ಮ ಅಂಗಳಕ್ಕೆ ಬಂದರು. ಕುದಿಸಿದ ಭತ್ತ ಒಣಹಾಕಲು, ಅಕ್ಕಿಯಿಂದ ನುಚ್ಚು ಜಾಲಿಸಿ ಬೇರೆ ಮಾಡಲು ಒಬ್ಬ ಹೆಂಗಸು ಬೇಕಾಗಿತ್ತು. ಮಳೆ ಬಂದರೂ ಬಾರದಿದ್ದರೂ ದಿನಾ ಕೆಲಸ, ವಾರಕ್ಕೆ ಕೈಗೆ ದುಡ್ಡು.

"ನಿಮ್ಮಕ್ಕ ಇಲ್ವೇನಮ್ಮ? ಅವ್ಳ ಮೊರದ ಕೈ ಚಲೋ ಐತೆ ಅಂತಾರೆ."

"ಊರಿಗೆ ಹೋಗ್ಯಾಳ್ರಿ."

"ಬಂದ್ಮೇಲೆ ಕಳಿಸು ಹಂಗಾದ್ರೆ. ಒಬ್ಬಳು ಸಾಕು."

ಒಬ್ಬಳು ಸಾಕು ಅಂದದ್ದು ಕಿವಿಗೆ ಬಿತ್ತು. ನನ್ನ ಮಗಳು ಸೊಂಟದ ಮೇಲಿದ್ದಳು. ಆವತ್ತು ಬೆಳಿಗ್ಗೆ ಅವಳಿಗೆ ಕುಡಿಸಿದ್ದು ತೌಡಿನ ಗಂಜಿ.

"ಆಕಿ ಬರಲ್ರಿ," ಅಂದೆ. "ಮಿಲ್ಲಿಗೆ ಕಾಲಿಡಲ್ಲ ಅಂತ ಎಲ್ರೆದುರಿಗೇ ಅಂದಾಳೆ. ನಾನು ಬರ್ತೀನ್ರಿ."

ಅವರಿಗೂ ಆ ಮಾತು ನೆನಪಿತ್ತು. "ಹಂಗಾದ್ರೆ ನೀನೇ ಬಾ," ಅಂದರು. ಅಷ್ಟೇ ಆದದ್ದು. ನಾನು ಸುಳ್ಳು ಹೇಳಲಿಲ್ಲ. ಹೇಳಿದ್ದು ಅವಳದೇ ಮಾತು.

ಸಂಜೆ ಅಕ್ಕ ಬಂದಳು. ಅಣ್ಣ ಆಗುವುದಿಲ್ಲ ಅಂದಿದ್ದ. ಅವಳು ಚಪ್ಪಲಿ ಬಿಡುವುದರೊಳಗೆ ನಾನು ಹೇಳಿಬಿಟ್ಟೆ, ನಾಳೆಯಿಂದ ಮಿಲ್ಲಿಗೆ ಹೋಗುತ್ತೇನೆ ಅಂತ. ಮೊದಲು ನಿನ್ನನ್ನು ಕೇಳಿದರು ಅನ್ನುವುದನ್ನು ಹೇಳಲಿಲ್ಲ. ಅವಳು ಒರಳಿನ ಕಡೆ ನೋಡಿದಳು.

"ಆ ಎರಡು ಮನೇದು?" ಅಂದಳು.

"ನೀನೇ ಕುಟ್ಟು ಅಕ್ಕ. ಕೂಲಿ ಪೂರಾ ನಿಂಗೇ."

"ಹ್ಞೂಂ," ಅಂದಳು. ಕೂಲಿ ಪೂರಾ ಅಂತ ಏನೋ ದೊಡ್ಡ ದಾನ ಮಾಡಿದಂತೆ ಹೇಳಿದ್ದೆ.

ಮರುದಿನದಿಂದ ಅವಳು ಒಬ್ಬಳೇ ಕುಟ್ಟಿದಳು. ಮಿಲ್ಲಿಗೆ ಹೊರಟಾಗ ಆ ಸದ್ದು ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಒಂದು ಏಟು, ಆಮೇಲೆ ನನ್ನ ಏಟು ಬೀಳಬೇಕಾದಷ್ಟು ಜಾಗ ಖಾಲಿ, ಮತ್ತೆ ಒಂದು ಏಟು. ಹೀಗೆ ಒಂದು ಮಳೆಗಾಲ ನಡೆಯಿತು. ಆ ಎರಡು ಮನೆಯವರೂ ಪಾಪ ಎಷ್ಟು ದಿನ ಕಾದಾರು? ಒಬ್ಬಳ ಕೈಯಲ್ಲಿ ಹೊತ್ತಿಗೆ ಸರಿಯಾಗಿ ಅಕ್ಕಿ ಆಗುತ್ತಿರಲಿಲ್ಲ. ಅವರೂ ಮಿಲ್ಲಿಗೆ ಬಂದರು. ಅವರ ಅಕ್ಕಿಯನ್ನು ಜಾಲಿಸಿದ್ದು ನಾನೇ.

ಚನ್ನಗಿರಿಯಲ್ಲಿ ಅಡಿಕೆ ಸುಲಿಯಲು ಹೆಂಗಸರು ಬೇಕು ಅಂತ ಯಾರೋ ಹೇಳಿದರು. ಅಕ್ಕ ಸೀಸನ್ನಿಗೆ ಹೋಗಿ ಬರುತ್ತೇನೆ ಅಂದಳು. ಮಗಳನ್ನೂ ಕರೆದುಕೊಂಡು ಹೋದಳು, ಎರಡು ಕೈಗಿಂತ ನಾಲ್ಕು ಕೈ ಹೆಚ್ಚು ಸುಲಿಯುತ್ತವೆ ಅಂತ. ಸೀಸನ್ ಮುಗಿದ ಮೇಲೆ ಬರಲಿಲ್ಲ. ಮತ್ತೊಂದು ಸೀಸನ್ ಆಯಿತು. ಶಾಲೆಯ ಮೇಷ್ಟ್ರು ಒಮ್ಮೆ ಮಿಲ್ಲಿನ ಹತ್ತಿರ ಸಿಕ್ಕು ಕೇಳಿದರು, "ನಿಮ್ಮ ಲಾಭವ್ವ ಎಲ್ಲಮ್ಮ?" ಚನ್ನಗಿರೀಲಿ ಅವ್ಳೆ ಅಂದೆ. "ಹೌದಾ," ಅಂದು ಸೈಕಲ್ ಹತ್ತಿದರು.

ನನ್ನ ಮಗಳು ಓದಿದಳು. ಮಿಲ್ಲಿನ ಕೂಲಿಯಲ್ಲೇ ಓದಿದಳು. ಅವಳು ಈಗ ಅಂಗನವಾಡಿ ಟೀಚರು, ಅವಳ ಮಗಳೇ ಈ ಪಾಠ ಓದುತ್ತಿರುವುದು.

ಅಕ್ಕ ಊರು ಬಿಟ್ಟ ನಾಲ್ಕನೆಯ ವರ್ಷಕ್ಕೆ ನಾನು ಚನ್ನಗಿರಿಗೆ ಹೋದೆ. ಮಿಲ್ಲಿನಿಂದ ಐದು ಸೇರು ಅಕ್ಕಿ, ಗಟ್ಟಿಯದ್ದು, ನಾನೇ ಆರಿಸಿದ್ದು, ಚೀಲಕ್ಕೆ ಕಟ್ಟಿಕೊಂಡು ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಮುಟ್ಟಿದೆ. ತಗಡಿನ ಕೆಳಗೆ ಹೆಂಗಸರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಮುಂದೆ ಮಣೆಗೆ ಹೊಡೆದು ನಿಲ್ಲಿಸಿದ ಕತ್ತಿ, ಪಕ್ಕದಲ್ಲಿ ಹಸಿ ಅಡಿಕೆಯ ಗುಡ್ಡೆ. ಅಕ್ಕನ ಗುರುತು ಹತ್ತಿದ್ದು ಕೈಯಿಂದ. ಅವಳು ಸುಲಿದ ಅಡಿಕೆಗೆ ಒಂದು ಗೀರು ಇರಲಿಲ್ಲ. ಪಕ್ಕದವಳದು ಗಾಯ ಗಾಯ. ಇಬ್ಬರಿಗೂ ಡಬ್ಬಕ್ಕೆ ಅಷ್ಟೇ ಕೂಲಿ. ಪಕ್ಕದವಳು ಅವಳಿಗಿಂತ ಎರಡು ಡಬ್ಬ ಮುಂದಿದ್ದಳು.

ಮಗಳು ದೊಡ್ಡವಳಾಗಿದ್ದಳು. ಅಡಿಕೆಯ ಚೊಗರು ಹತ್ತಿ ತಾಯಿ ಮಗಳಿಬ್ಬರ ಅಂಗೈಗಳೂ ಕಪ್ಪಗೆ ಒಂದೇ ಬಣ್ಣವಾಗಿದ್ದವು. "ಬಾ ಚಿಕ್ಕವ್ವ," ಅಂದಳು, ಕತ್ತಿಯಿಂದ ಕಣ್ಣು ತೆಗೆಯದೆ. ಅಳೆಯುವ ಮೇಸ್ತ್ರಿ ಬಂದ. ಅವಳ ಅಡಿಕೆಯನ್ನು ಡಬ್ಬಕ್ಕೆ ತುಂಬಿ, ತಟ್ಟಿ, "ಲಾಭ," ಅಂದ. ಆಮೇಲೆ, "ತಲೆ ತುಂಬಿಲ್ಲ, ಇನ್ನೊಂದೀಟು ಹಾಕು," ಅಂದ. ಅವಳು ಹಾಕಿದಳು. ಲಾಭ ಅವನ ಗುಡ್ಡೆಗೆ ಹೋಯಿತು.

ಕೆಲಸ ಬಿಟ್ಟ ಮೇಲೆ ಅವರ ಕೋಣೆಗೆ ಹೋದೆವು. ಅಕ್ಕ ಚಾ ಕೊಟ್ಟಳು. ಕೈಯ ಕಪ್ಪು ಲೋಟಕ್ಕೆ ಹತ್ತೀತೆಂದೋ ಏನೋ ಸೆರಗಿನಲ್ಲಿ ಹಿಡಿದು ಕೊಟ್ಟಳು. ಆಮೇಲೆ ಕೇಳಿದಳು:

"ಅವತ್ತು ಸಾಹುಕಾರ್ರು ಯಾರನ್ನ ಕೇಳ್ಕೊಂಡು ಬಂದಿದ್ರು?"

ಯಾರು ಹೇಳಿದ್ದರೋ. ಸಣ್ಣ ಊರು. ನಾನು ಸುತ್ತಿಬಳಸಲಿಲ್ಲ. "ನಿನ್ನನ್ನೇ," ಅಂದೆ.

"ಮತ್ತೆ?"

"ನೀನೇ ಅಂದಿದ್ದೆಲ್ಲ ಅಕ್ಕ, ಕಾಲಿಡಲ್ಲ ಅಂತ."

"ಅಂದಿದ್ದೆ. ಹೊಟ್ಟೆ ಉರೀತು, ಅಂದೆ. ನೀನೂ ದಿನಾ ನಿನ್ನ ಗಂಡನಿಗೆ ಬೈತಿದ್ದೆ, ಅಣ್ಣನಂಗೇ ಇವ್ನೂ ಸಾಯ್ಲಿ ಅಂತ. ಅವ್ನು ಸತ್ನಾ? ಬಾಯಿಗೆ ಬಂದಿದ್ದೆಲ್ಲ ಹಿಡ್ಕಂಡು ಕೂಡ್ತಾರೇನೆ?"

"ಕರೆದಿದ್ರೆ ಬರ್ತಿದ್ಯಾ?"

"ಓಡ್ಕೊಂಡು ಬರ್ತಿದ್ದೆ," ಅಂದಳು. ಮಗಳ ಕಡೆ ನೋಡಲಿಲ್ಲ. ನಾನು ನೋಡಿದೆ. ಅವಳು ಉಗುರಿನ ಸಂದಿಯ ಕಪ್ಪನ್ನು ಕಡ್ಡಿಯಿಂದ ತೆಗೆಯುತ್ತಾ ಕೂತಿದ್ದಳು, ಕೇಳಿಸಿಯೇ ಇಲ್ಲವೇನೋ ಅನ್ನುವ ಹಾಗೆ.

ನನ್ನ ಮಗಳಿಗೆ ಅವತ್ತು ತೌಡಿನ ಗಂಜಿ ಕುಡಿಸಿದ್ದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮಗಳು ಅವತ್ತು ಕುಡಿದದ್ದೂ ಅದನ್ನೇ, ಒಂದೇ ಒಲೆಯ ಮೇಲೆ ಕಾಯಿಸಿದ್ದೆವು. ಅವತ್ತಿಗೆ ಹಿಂತಿರುಗಿದರೆ ಮತ್ತೆ ಏನು ಹೇಳುತ್ತಿದ್ದೆ ಅಂತ ಎಷ್ಟೋ ಸಲ ಕೇಳಿಕೊಂಡಿದ್ದೇನೆ. "ನಾನು ಬರ್ತೀನ್ರಿ" ಅಂತಲೇ ಅನ್ನುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಿಲ್ಲ ಅಂತಲ್ಲ. ಆದರೆ ಬೇರೆ ಏನು ಬರೆದರೂ ಸುಳ್ಳು.

ಚೀಲ ಮುಂದಿಟ್ಟೆ. "ಅಕ್ಕಿ ಅಕ್ಕ. ಗಟ್ಟೀದೇ ತಂದೀನಿ."

ಅವಳು ಬೇಡ ಅನ್ನಲಿಲ್ಲ, ತಗೊಂಡಳು. ಹಿಡಿಯಷ್ಟು ಅಂಗೈಗೆ ಹಾಕಿ, ಬೆರಳಲ್ಲಿ ಹರಡಿ ನೋಡಿದಳು, ಅವತ್ತು ಮಿಲ್ಲಿನಲ್ಲಿ ನೋಡಿದ ಹಾಗೇ. ಗೂಡಿನಿಂದ ಸೇರು ತಂದು, ಗಡಿಗೆ ಎಳೆದುಕೊಂಡು ಅಳೆಯಲು ಕೂತಳು. ಸೇರು ತುಂಬಿ, ತಲೆ ಸವರಿ, ಗಡಿಗೆಗೆ ಸುರಿದಳು.

"ಒಂದು," ಅಂದಳು.

ಮಗಳು ಕಡ್ಡಿ ನಿಲ್ಲಿಸಿ ತಲೆ ಎತ್ತಿದಳು. ನಾನೂ ನೋಡಿದೆ. ಅಕ್ಕ ನಮ್ಮಿಬ್ಬರನ್ನೂ ನೋಡಲಿಲ್ಲ.

"ಎರಡು. ಮೂರು. ನಾಲ್ಕು. ಐದು."

ಖಾಲಿ ಚೀಲವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟಳು. "ಹೊನ್ನಾಳಿ ಬಸ್ಸು ಹೋಗಿಬಿಡ್ತೈತೆ, ಎದ್ದೇಳು," ಅಂದಳು.